ಕೊಪಾನಿನ ಕಲ್ಲಿನಲ್ಲಿ ಕಂಡ ಆನೆ

ಹೊಂಡುರಾಸ್ ದೇಶದ ಕೊಪಾನ್‌ನಲ್ಲಿ ಕ್ರಿ.ಶ. 731ರ ಒಂದು ನಿಲುಗಲ್ಲಿದೆ. ವಿದ್ವಾಂಸರ ಪಟ್ಟಿಯಲ್ಲಿ ಅದಕ್ಕೆ ‘ಬಿ’ ಎಂದು ಗುರುತು. ಎದೆಯ ಮುಂದೆ ಕೈಗಳನ್ನು ತಂದು, ಮೈತುಂಬ ಒಡವೆ ತೊಟ್ಟು ನಿಂತ ಮಾಯಾ ದೊರೆಯೊಬ್ಬನ ಶಿಲ್ಪ ಅದರ ಮೇಲಿದೆ. ಕಲ್ಲಿನ ಮೇಲ್ಭಾಗದ ಎರಡು ಮೂಲೆಗಳಲ್ಲಿ ಉದ್ದಕ್ಕೆ ಬಾಗಿ ಇಳಿದ ಮೂತಿಯ ಎರಡು ಜೀವಿಗಳಿವೆ. ಇವು ಆನೆಗಳು, ಅದೂ ಭಾರತದ ಆನೆಗಳು, ಮೇಲೆ ಮಾವುತರೂ ಇದ್ದಾರೆ ಎಂದು ಗ್ರಾಫ್ಟನ್ ಎಲಿಯಟ್ ಸ್ಮಿತ್ ವಾದಿಸಿದರು. ಅವರು ಸಾಮಾನ್ಯರಲ್ಲ, ಮಿದುಳಿನ ರಚನೆಯ ಬಗ್ಗೆ ಆ ಕಾಲದ ದೊಡ್ಡ ಪಂಡಿತರು. 1924ರಲ್ಲಿ ಈ ಆನೆಗಳಿಗಾಗಿಯೇ ಒಂದು ಪುಸ್ತಕ ಬರೆದರು. ಲೋಕದ ನಾಗರಿಕತೆಯೆಲ್ಲ ಈಜಿಪ್ಟಿನಲ್ಲಿ ಹುಟ್ಟಿ, ಏಷ್ಯವನ್ನು ಹಾದು, ಸಾಗರ ದಾಟಿ ಅಮೆರಿಕಕ್ಕೆ ಹೋಯಿತು ಎಂಬುದು ಅವರ ಸಿದ್ಧಾಂತ. ಸಿದ್ಧಾಂತಕ್ಕೆ ಆನೆ ಬೇಕಿತ್ತು, ಕಲ್ಲಿನಲ್ಲಿ ಆನೆ ಕಂಡಿತು.

ಅದು ಗಿಣಿ. ಕೆಂಪು ಮಕಾವ್ ಎಂಬ ದೊಡ್ಡ ಗಿಣಿಯ ಬಾಗಿದ ಕೊಕ್ಕು. ಈ ಮಾತನ್ನು ಎಲಿಯಟ್ ಸ್ಮಿತ್‌ರ ಕಾಲದಲ್ಲೇ ಅಮೆರಿಕದ ವಿದ್ವಾಂಸರು ಹೇಳಿದ್ದರು. ಮಾಯಾ ಲಿಪಿ ಓದಲು ಬಂದಮೇಲೆ ಅದೇ ಕಲ್ಲಿನ ಬರಹದಲ್ಲಿ ‘ಮಕಾವ್ ಬೆಟ್ಟ’ ಎಂಬ ಹೆಸರೂ ಸಿಕ್ಕಿತು. ಆ ಹಕ್ಕಿ ಇವತ್ತು ಹೊಂಡುರಾಸಿನ ರಾಷ್ಟ್ರಪಕ್ಷಿ. ಕೊಪಾನಿನ ಮರಗಳ ಮೇಲೆ ಈಗಲೂ ಕಿರುಚಾಡಿಕೊಂಡಿರುತ್ತದೆ. ಕತ್ತೆತ್ತಿ ನೋಡಿದ್ದರೆ ಸಾಕಿತ್ತು.

ಇಂಥ ವಾದ ನಮ್ಮವರಿಗೆ ಹಿತವಾಗದೆ ಇದ್ದೀತೆ? 1940ರಲ್ಲಿ ಚಮನ್ ಲಾಲ್ ಅವರ ‘ಹಿಂದೂ ಅಮೆರಿಕ’ ಬಂತು. ಪ್ರಾಚೀನ ಅಮೆರಿಕದ ದೇವಾಲಯಗಳ ಹಿಂದೆ ಭಾರತದಿಂದ ಹೋದ ಹಿಂದೂಗಳಿದ್ದಾರೆ ಎಂಬುದು ಅದರ ಪ್ರತಿಪಾದನೆ. ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯನೇ ಮಾಯಾ ಜನರ ಮೂಲಪುರುಷ ಎನ್ನುವವರು ಇವತ್ತಿಗೂ ಸಿಗುತ್ತಾರೆ. ಕೇಳುವಾಗ ಅಭಿಮಾನದಿಂದ ಎದೆ ಉಬ್ಬುತ್ತದೆ, ನಿಜ. ಆದರೆ ಈ ಅಭಿಮಾನದ ಬೆಲೆಯನ್ನು ಯಾರು ತೆರುತ್ತಾರೆ? ಕೊಪಾನಿನ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಅದನ್ನು ಕೆತ್ತಿದವರ ಕೈಯಲ್ಲಿ ಕಬ್ಬಿಣವಿರಲಿಲ್ಲ, ಕಂಚೂ ಇರಲಿಲ್ಲ. ಚಕಮಕಿಯಂಥ ಗಟ್ಟಿ ಕಲ್ಲನ್ನೇ ಉಳಿ ಮಾಡಿಕೊಂಡು, ಕಲ್ಲಿನಿಂದ ಕಲ್ಲನ್ನು ಕಡೆದು, ಗರಿಯ ಒಂದೊಂದು ಎಳೆಯನ್ನೂ ಬಿಡಿಸಿದರು. ಅವರ ಬೆವರನ್ನು ಒಂದು ಸಾಲಿನಲ್ಲಿ ನಮ್ಮ ಖಾತೆಗೆ ಬರೆದುಕೊಂಡುಬಿಡುತ್ತೇವೆ. ದೇಶಭಕ್ತಿಯ ಹೆಸರಿನಲ್ಲಿ ನಡೆಯುವ ಕಳವು ಇದು. ಕದ್ದವರಿಗೆ ನಾಚಿಕೆಯೂ ಆಗುವುದಿಲ್ಲ.

ಈ ಕಥೆಯ ಇನ್ನೊಂದು ತುದಿ ನಮ್ಮ ಮೈಸೂರು ಸೀಮೆಯಲ್ಲೇ ಇದೆ. ಸೋಮನಾಥಪುರದ ಕೇಶವ ದೇವಾಲಯದ ಕೆಲವು ಶಿಲ್ಪಗಳ ಕೈಯಲ್ಲಿ ಮುತ್ತು ಪೋಣಿಸಿದಂಥ ಉದ್ದನೆಯ ಒಂದು ವಸ್ತುವಿದೆ. ಅದು ಮುಸುಕಿನ ಜೋಳದ ತೆನೆ ಎಂದು 1989ರಲ್ಲಿ ಜೊಹಾನೆಸ್ಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ಸಂಶೋಧಕರು ಬರೆದರು. ಮುಸುಕಿನ ಜೋಳ ಮಾಯಾ ನಾಡಿನ ಆಚೀಚಿನ ನೆಲದಲ್ಲಿ ಮನುಷ್ಯ ಪಳಗಿಸಿದ ಬೆಳೆ. ಕೊಲಂಬಸನ ನಂತರವೇ ಅದು ಈ ಕಡೆಗೆ ಬಂದದ್ದು ಎಂಬುದು ಒಪ್ಪಿತ ಇತಿಹಾಸ. ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಯ ಕಣ್ಣಿಗೆ ಅದು ಬಿದ್ದಿದ್ದರೆ ಇತಿಹಾಸವನ್ನೇ ತಿದ್ದಬೇಕಾಗುತ್ತಿತ್ತು. 1993ರಲ್ಲಿ ಪಾಯಕ್ ಮತ್ತು ಸಚಾನ್ ಎಂಬ ಭಾರತೀಯ ವಿಜ್ಞಾನಿಗಳು ಉತ್ತರ ಕೊಟ್ಟರು. ಜೋಳದ ಮೇಲೆಯೇ ಕೆಲಸ ಮಾಡಿದವರು ಅವರು. ಅದು ತೆನೆಯಲ್ಲ, ಮುಕ್ತಾಫಲ, ಮುತ್ತುಗಳಿಂದ ಮಾಡಿದ ಕಾಲ್ಪನಿಕ ಹಣ್ಣು ಎಂದರು. ಈ ಜಗಳದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗೆಲುವು ಸೋಲಲ್ಲ. ಒಂದು ಪಕ್ಷ ಕಾಳಿನ ಸಾಲು, ತೆನೆಯ ಆಕಾರ ನೋಡಿತು. ಇನ್ನೊಂದು ಪಕ್ಷ ಆ ಕಲ್ಲು ಕಡೆದವನು ಯಾವ ಸಂಪ್ರದಾಯದಲ್ಲಿ ಕಲಿತವನು, ಅವನ ಮನಸ್ಸಿನಲ್ಲಿ ಏನಿದ್ದೀತು ಎಂದು ಕೇಳಿತು. ಸೋಮನಾಥಪುರದ ಅನೇಕ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರನ್ನು ಕೊರೆದಿಟ್ಟಿದ್ದಾನೆ. ಪ್ರಶ್ನೆಯನ್ನು ಮೊದಲು ಅವನಿಗೆ ಕೇಳುವುದು ನ್ಯಾಯ.

ಇದೇ ನ್ಯಾಯವನ್ನು ಮಾಯಾ ಶಿಲ್ಪಿಗೆ ಮೊದಲು ಸಲ್ಲಿಸಿದವರಲ್ಲಿ ಇಬ್ಬರು ಪ್ರವಾಸಿಗರಿದ್ದಾರೆ. 1839ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಚಿತ್ರಕಾರ ಫ್ರೆಡ್ರಿಕ್ ಕ್ಯಾದರ್‌ವುಡ್ ಕಾಡಿನಲ್ಲಿ ಹೂತಿದ್ದ ಕೊಪಾನಿಗೆ ಬಂದರು. ಸ್ಟೀಫನ್ಸ್ ಆ ಜಾಗವನ್ನು ಐವತ್ತು ಡಾಲರಿಗೆ ಕೊಂಡುಬಿಟ್ಟರು ಎಂಬುದು ಬೇರೆ ತಮಾಷೆ. ಕ್ಯಾದರ್‌ವುಡ್ ಈಜಿಪ್ಟಿನ ಸ್ಮಾರಕಗಳನ್ನು ಸ್ವತಃ ನೋಡಿ ಚಿತ್ರ ಬರೆದು ಬಂದವರು. ಇದು ಈಜಿಪ್ಟಿನದಲ್ಲ ಎಂದು ತಿಳಿಯಲು ಅವರಿಗೆ ಯಾವ ಸಿದ್ಧಾಂತವೂ ಬೇಕಾಗಲಿಲ್ಲ. ಈ ನೆಲದಲ್ಲೇ ಬಾಳಿದ ಜನ, ಈಗ ಇಲ್ಲಿರುವ ಬಡ ಇಂಡಿಯನ್ನರ ಹಿರಿಯರು, ಇದನ್ನು ಕಟ್ಟಿದ್ದಾರೆ ಎಂದು 1841ರಲ್ಲಿ ಸ್ಟೀಫನ್ಸ್ ಬರೆದರು. ಅಷ್ಟು ಸರಳವಾದ ಮಾತು ಜನರ ಕಿವಿಗೆ ಹೋಗಲು ನೂರು ವರ್ಷವೂ ಸಾಲಲಿಲ್ಲ.

ಮೆಕ್ಸಿಕೊದ ಮಾಯಾ ನಗರ ಪಲೆಂಕೆಯ ಕಥೆ ನೋಡಿ. ಅಲ್ಲಿನ ಶಾಸನಗಳ ದೇಗುಲದ ನೆಲಗಲ್ಲನ್ನೆತ್ತಿದ ಪುರಾತತ್ತ್ವಜ್ಞ ಆಲ್ಬೆರ್ತೊ ರುಸ್‌ಗೆ ಕಲ್ಲುಮಣ್ಣಿನಿಂದ ಉದ್ದೇಶಪೂರ್ವಕವಾಗಿ ತುಂಬಿಸಿದ ಮೆಟ್ಟಿಲು ಸಿಕ್ಕಿತು. ಅದನ್ನು ಬಗೆದು ಕೆಳಗಿಳಿಯಲು ವರ್ಷಗಳೇ ಹಿಡಿದವು. 1952ರಲ್ಲಿ ತಳ ಮುಟ್ಟಿದಾಗ ಒಂದು ಕೋಣೆ, ಕೋಣೆ ತುಂಬ ಕಲ್ಲಿನ ಶವಪೆಟ್ಟಿಗೆ, ಅದರ ಮೇಲೆ ಸುಮಾರು 3.8 ಮೀಟರ್ ಉದ್ದದ ಮುಚ್ಚಳ. ಒಳಗಿದ್ದವನು ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 683ರಲ್ಲಿ ಸತ್ತ ಪಕಾಲ್ ದೊರೆ. 1968ರ ತಮ್ಮ ಪುಸ್ತಕದಲ್ಲಿ ಎರಿಕ್ ಫಾನ್ ಡ್ಯಾನಿಕನ್ ಈ ಮುಚ್ಚಳದ ಚಿತ್ರವನ್ನು ಅಡ್ಡಲಾಗಿ ತಿರುಗಿಸಿ, ಇವನು ರಾಕೆಟ್ ನಡೆಸುತ್ತಿರುವ ಗಗನಯಾತ್ರಿ ಎಂದರು. ಪುಸ್ತಕ ಲೋಕವಿಡೀ ಮಾರಾಟವಾಯಿತು.

ಚಿತ್ರವನ್ನು ಶಿಲ್ಪಿ ಇಟ್ಟಂತೆಯೇ ನೆಟ್ಟಗೆ ಇಟ್ಟು ನೋಡಬೇಕು. ಕೆಳಗೆ ಬಾಯ್ತೆರೆದ ಪಾತಾಳ. ಅದರ ದವಡೆಯ ನಡುವೆ ಪಕಾಲ್. ಅವನ ಹಿಂದಿನಿಂದ ಎದ್ದು ಆಕಾಶಕ್ಕೆ ಹೋಗುವ ಜಗದ್ವೃಕ್ಷ, ಅದರ ನೆತ್ತಿಯ ಮೇಲೊಂದು ಹಕ್ಕಿ. ಡ್ಯಾನಿಕನ್ ಯಂತ್ರದ ಹಿಡಿಕೆ ಎಂದದ್ದೆಲ್ಲ ಈ ಮರದ ಭಾಗ. ಉಡುಪಿನಲ್ಲಿ ಅವನು ಜೋಳದ ದೇವರನ್ನು ಹೋಲುತ್ತಾನೆ. ಬಿತ್ತಿದ ಕಾಳು ಮಣ್ಣಿನಲ್ಲಿ ಸತ್ತಂತಾಗಿ ಮತ್ತೆ ಮೊಳೆಯುವ ಹಾಗೆ ದೊರೆಯೂ ಎದ್ದುಬರಲಿ ಎಂಬ ಆಸೆ ಅದು. ಪೆಟ್ಟಿಗೆಯ ಪಕ್ಕಗಳಲ್ಲಿ ಇನ್ನೂ ಚೆಲುವಾದದ್ದಿದೆ, ಅದನ್ನು ಗಗನಯಾತ್ರಿಯ ಭಕ್ತರು ನೋಡುವುದೇ ಇಲ್ಲ. ಅವನ ಹೆತ್ತವರು, ಅಜ್ಜಂದಿರು ನೆಲದ ಬಿರುಕಿನಿಂದ ಹಣ್ಣಿನ ಮರಗಳಾಗಿ ಹೊರಡುತ್ತಿದ್ದಾರೆ. ತಾಯಿ ಕೋಕೋ ಗಿಡವಾಗಿದ್ದಾಳೆ. ಬೆಣ್ಣೆಹಣ್ಣಿನ ಮರವಿದೆ, ಸೀಬೆಯಿದೆ, ಸಪೋಟವಿದೆ. ನಮ್ಮ ತೋಟದ ಸಪೋಟ, ಸೀಬೆಗಳ ತವರು ಆ ಕಡೆಯದೇ. ಸತ್ತ ಅಜ್ಜಿ ಹಿತ್ತಿಲಲ್ಲಿ ಹಣ್ಣಿನ ಮರವಾಗಿ ಬರುತ್ತಾಳೆ ಎಂಬ ಈ ಕಲ್ಪನೆಯ ಮುಂದೆ ರಾಕೆಟ್ ಎಷ್ಟು ಬಡಕಲು!

2012ರ ಡಿಸೆಂಬರ್ 21ರ ಪ್ರಳಯವನ್ನೂ ಇದೇ ಮಾಯಾ ಜನರ ತಲೆಗೆ ಕಟ್ಟಿದರು. ನಮ್ಮ ಟಿ.ವಿ.ಗಳಲ್ಲೂ ಜ್ಯೋತಿಷಿಗಳು ಕುಳಿತು ಚರ್ಚೆ ಮಾಡಿದ್ದು ಓದುಗರಿಗೆ ನೆನಪಿದ್ದೀತು. ಆ ದಿನಾಂಕ ಮಾಯಾ ಪಂಚಾಂಗದ ಒಂದು ದೊಡ್ಡ ಚಕ್ರ ಮುಗಿಯುವ ದಿನ, ಅಷ್ಟೆ. ಪಕಾಲನ ದೇಗುಲದ ಶಾಸನವೇ ಕ್ರಿ.ಶ. 4772ರ ಒಂದು ದಿನವನ್ನು ಹೆಸರಿಸುತ್ತದೆ. ಅವನ ಪಟ್ಟಾಭಿಷೇಕದ ನೆನಪು ಪಂಚಾಂಗದಲ್ಲಿ ಮರಳುವ ದಿನ. ಲೋಕ ಮುಗಿಯುತ್ತದೆಂದು ನಂಬಿದವರು ಹಬ್ಬದ ತಾರೀಖನ್ನು ಅಷ್ಟು ಮುಂದಕ್ಕೆ ಗೊತ್ತುಮಾಡಿಡುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕೀರ್ತಿಯ ಕಳವು. ಇನ್ನೊಂದು ಕಳವಿದೆ, ಅದು ನಯವಾದದ್ದು, ಸಜ್ಜನರು ಮಾಡಿದ್ದು. ರಕ್ತದ ಹೊಣೆಯನ್ನು ಹೊರಗಿನವರ ಮೇಲೆ ಹಾಕುವುದು.

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಎರಿಕ್ ಥಾಂಪ್ಸನ್‌ರಂಥ ಘನ ವಿದ್ವಾಂಸರು ಮಾಯಾ ಜನರನ್ನು ಶಾಂತ ಋಷಿಗಳೆಂದು ಭಾವಿಸಿದ್ದರು. ನಕ್ಷತ್ರ ನೋಡುವ ಪುರೋಹಿತರು, ಕಾಲವನ್ನು ಪೂಜಿಸುವವರು, ನಿಲುಗಲ್ಲಿನ ಮೇಲಿನ ಮೂರ್ತಿಗಳು ದೇವರು ಅಥವಾ ಅರ್ಚಕರು, ಬರಹವೆಲ್ಲ ಪಂಚಾಂಗ. ಹಾಗಾದರೆ ಯುಕಟಾನಿನ ಚಿಚೆನ್ ಇಟ್ಜಾದಲ್ಲಿ ಸಾಲುಸಾಲು ತಲೆಬುರುಡೆ ಕೆತ್ತಿದ ಜಗಲಿ ಎಲ್ಲಿಂದ ಬಂತು? 168 ಮೀಟರ್ ಉದ್ದದ ಚೆಂಡಾಟದ ಅಂಗಳದ ಗೋಡೆಯಲ್ಲಿ ರುಂಡ ಕಡಿದ ಆಟಗಾರನ ಕುತ್ತಿಗೆಯಿಂದ ರಕ್ತ ಹಾವುಗಳಾಗಿ ಚಿಮ್ಮುವ ಚಿತ್ರ ಯಾರದು? ಉತ್ತರ ಸಿದ್ಧವಿತ್ತು: ಟೋಲ್ಟೆಕರದು. ಮಧ್ಯ ಮೆಕ್ಸಿಕೊದ ತುಲಾ ಪಟ್ಟಣದಿಂದ ದಂಡೆತ್ತಿ ಬಂದ ಕ್ರೂರಿಗಳು ಸಾಧು ಮಾಯಾ ಜನರಿಗೆ ನರಬಲಿ ಕಲಿಸಿದರು.

ತುಲಾ ಮತ್ತು ಚಿಚೆನ್ ಇಟ್ಜಾಗಳ ಹೋಲಿಕೆ ಸುಳ್ಳಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ದೆಸಿರೆ ಶಾರ್ನೆ ಅದನ್ನು ಗುರುತಿಸಿದ್ದರು. ಗರಿಹೊತ್ತ ಹಾವಿನ ಕಂಬ, ಯೋಧರ ಕಂಬಸಾಲು, ಹೃದಯ ತಿನ್ನುವ ಹದ್ದು ಎರಡೂ ಕಡೆ ಇವೆ. ತುಲಾದ ಪಿರಮಿಡ್ಡಿನ ಮೇಲೆ ಇವತ್ತು ನಿಂತಿರುವ ಯೋಧರು ಸುಮಾರು 4.6 ಮೀಟರ್ ಎತ್ತರ. ನಾಲ್ಕು ತುಂಡು ಕಲ್ಲನ್ನು ಗೂಟಕ್ಕೆ ಕುಳಿ ಸೇರಿಸಿ ನಿಲ್ಲಿಸಿದ್ದು. ಎದೆಯ ಮೇಲೆ ಚಿಟ್ಟೆಯಾಕಾರದ ಪದಕ, ಕೈಯಲ್ಲಿ ಈಟಿ ಎಸೆಯುವ ಕೋಲು. ಅದನ್ನೂ ಲೇಸರ್ ಬಂದೂಕು ಎಂದವರಿದ್ದಾರೆ, ಬಿಡಿ. ಒಂದು ಕಾಲಕ್ಕೆ ಇವರು ತಲೆಯ ಮೇಲೆ ಮಾಡು ಹೊತ್ತವರು. ಹೋರ್ಹೆ ಅಕೋಸ್ತಾ 1940ರ ದಶಕದಲ್ಲಿ ಅಗೆದು ತೆಗೆದಾಗ ಕಳಚಿ ಹಳ್ಳದಲ್ಲಿ ಬಿದ್ದಿದ್ದರು. ಅವರ ಮುಖ ನೋಡಿದರೆ ಯಾರ ಮುಖವೂ ಅಲ್ಲ ಅನ್ನಿಸುತ್ತದೆ. ಮಾಯಾ ನಿಲುಗಲ್ಲಿನ ದೊರೆಗೆ ಹೆಸರಿದೆ, ಹುಟ್ಟಿದ ದಿನವಿದೆ, ತಾಯಿತಂದೆಯರಿದ್ದಾರೆ. ತುಲಾದ ಯೋಧರು ಒಬ್ಬನ ಹಾಗೆ ಇನ್ನೊಬ್ಬ, ಸಾಲಿನಲ್ಲಿ ನಿಲ್ಲಿಸಿದ ಸೈನ್ಯ. ರಾಜನೊಬ್ಬನ ಮಹಿಮೆಯ ಬದಲು ಪಡೆಯ ಮಹಿಮೆಯನ್ನು ಕೆತ್ತಿದ ಈ ಕಲೆ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಇದು ನನ್ನ ರುಚಿಯ ಮಾತು, ಸಂಶೋಧನೆಯಲ್ಲ.

ಆದರೆ ಹೋಲಿಕೆ ಇದೆ ಎಂದಮಾತ್ರಕ್ಕೆ ದಂಡಯಾತ್ರೆ ನಡೆಯಿತು ಎನ್ನಲಾದೀತೆ? ಪ್ರಭಾವ ಚಿಚೆನ್ ಇಟ್ಜಾದಿಂದ ತುಲಾಕ್ಕೆ ಹೋಗಿದ್ದರೆ ಏನು ತೊಂದರೆ ಎಂದು ಜಾರ್ಜ್ ಕ್ಯೂಬ್ಲರ್ 1961ರಲ್ಲೇ ಕೇಳಿದರು. ಚಾಕ್‌ಮೂಲ್ ಎಂಬ ವಿಗ್ರಹವನ್ನೇ ತೆಗೆದುಕೊಳ್ಳಿ. ಮೊಣಕೈ ಊರಿ ಅರೆಮಲಗಿ, ಮೊಣಕಾಲು ಮಡಿಚಿ, ಹೊಟ್ಟೆಯ ಮೇಲೆ ತಟ್ಟೆ ಹಿಡಿದು, ಕತ್ತನ್ನು ಪಕ್ಕಕ್ಕೆ ಹೊರಳಿಸಿ ನೋಡುವ ಮೂರ್ತಿ. 1875ರಲ್ಲಿ ಚಿಚೆನ್ ಇಟ್ಜಾದಲ್ಲಿ ಅಂಥದೊಂದನ್ನು ಅಗೆದು ತೆಗೆದ ಓಗಸ್ಟ್ ಲ ಪ್ಲೊಂಜೊಂ ಅದಕ್ಕೆ ಆ ಹೆಸರಿಟ್ಟು, ಮೂ ಎಂಬ ರಾಣಿಯ ಕಥೆ ಹೆಣೆದು, ಮಾಯಾ ಜನರೇ ಈಜಿಪ್ಟಿಗೆ ಹೋಗಿ ನಾಗರಿಕತೆ ಕಲಿಸಿದರು ಎಂದರು. ಎಲಿಯಟ್ ಸ್ಮಿತ್‌ರ ಹಡಗು ಇಲ್ಲಿ ಎದುರು ದಿಕ್ಕಿಗೆ ಹೊರಟಿದೆ! ಟೋಲ್ಟೆಕ್ ಕ್ರೌರ್ಯದ ಗುರುತು ಎಂದು ಹೆಸರಾದ ಈ ವಿಗ್ರಹಗಳು ತುಲಾದಲ್ಲಿ ಹನ್ನೆರಡು ಸಿಕ್ಕಿದ್ದರೆ ಚಿಚೆನ್ ಇಟ್ಜಾದಲ್ಲಿ ಹದಿನಾಲ್ಕು ಸಿಕ್ಕಿವೆ. ಅದರ ಭಂಗಿ ಹಳೆಯ ಮಾಯಾ ಶಿಲ್ಪಗಳ ಸೆರೆಯಾಳುಗಳಿಂದ ಬಂದದ್ದು ಎಂದು 1985ರಲ್ಲಿ ಮೇರಿ ಮಿಲ್ಲರ್ ವಾದಿಸಿದರು. ದೊರೆಯ ಕಾಲಡಿ ಬಿದ್ದು ಕತ್ತು ಹೊರಳಿಸಿದವನೇ ಇಲ್ಲಿ ನೈವೇದ್ಯದ ತಟ್ಟೆ ಹಿಡಿದಿದ್ದಾನೆ. ಹೆನ್ರಿ ಮೂರ್ ಇದೇ ಭಂಗಿಯಿಂದ ಸ್ಫೂರ್ತಿ ಪಡೆದು 1929ರಲ್ಲಿ ಒರಗಿದ ಹೆಣ್ಣಿನ ಶಿಲ್ಪ ಮಾಡಿದರು. ಅದು ಅದ್ಭುತವಾದ ಕೃತಿ; ಅದರಲ್ಲಿ ಸೆರೆಯ ವಾಸನೆಯೂ ಇಲ್ಲ.

ಶಾಂತ ಋಷಿಗಳ ಚಿತ್ರವನ್ನು ಒಡೆದವರಲ್ಲಿ ಮುಖ್ಯರು ಸೈಬೀರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ವಾಸ್ತುಶಿಲ್ಪ ಕಲಿತ ತತಿಯಾನಾ ಪ್ರೊಸ್ಕೂರ್ಯಾಕಾಫ್. ಗ್ವಾಟೆಮಾಲಾದ ಪಿಯೆದ್ರಾಸ್ ನೆಗ್ರಾಸ್‌ನ ನಿಲುಗಲ್ಲುಗಳನ್ನು ಅವರು ಗುಂಪುಗುಂಪಾಗಿ ಜೋಡಿಸಿದರು. ಪ್ರತಿ ಗುಂಪೂ ಗೂಡಿನಲ್ಲಿ ಕುಳಿತ ಒಬ್ಬ ವ್ಯಕ್ತಿಯ ಚಿತ್ರದಿಂದ ಶುರುವಾಗುತ್ತದೆ. ಗುಂಪಿನ ತಾರೀಖುಗಳ ನಡುವಿನ ಅಂತರ ಒಬ್ಬ ಮನುಷ್ಯನ ಆಯುಸ್ಸನ್ನು ಮೀರುವುದಿಲ್ಲ. ದೇವರಿಗೆ ಆಯುಸ್ಸಿನ ಲೆಕ್ಕವೇಕೆ? ಇವು ಹುಟ್ಟು, ಪಟ್ಟ, ಯುದ್ಧ, ಸಾವುಗಳ ದಾಖಲೆ, ಮೂರ್ತಿಗಳು ದೊರೆಗಳದು, ನಿಲುವಂಗಿ ತೊಟ್ಟ ‘ಪುರೋಹಿತರು’ ಅನೇಕ ಕಡೆ ರಾಣಿಯರು. 1960ರಲ್ಲಿ ಈ ಲೇಖನ ಅಚ್ಚಾಯಿತು. ಅದಕ್ಕೆ ಯಾವ ದಿವ್ಯದರ್ಶನವೂ ಬೇಕಾಗಿರಲಿಲ್ಲ, ತಾಳ್ಮೆಯ ಕೂಡು-ಕಳೆ ಸಾಕಾಗಿತ್ತು. ಥಾಂಪ್ಸನ್ ಇದನ್ನು ಓದಿ ಅವರ ಮಾತು ಸರಿ ಎಂದು ಒಪ್ಪಿಕೊಂಡರು. ತನ್ನ ಜೀವಮಾನದ ನಂಬಿಕೆಯನ್ನು ಸಾಕ್ಷ್ಯದ ಮುಂದೆ ಕೆಳಗಿಟ್ಟ ಆ ಗಳಿಗೆಗಾಗಿ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಹಾಗೆ ಓದಲು ಬಂದ ಕಲ್ಲುಗಳು ಏನು ಹೇಳಿದವು? ಮಾಯಾ ನಗರ ಯಾಶ್ಚಿಲಾನ್‌ನ ಒಂದು ಬಾಗಿಲ ಮೇಲಿನ ಅಡ್ಡಗಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ 709ರ ಒಂದು ಇರುಳಿನ ಚಿತ್ರವಿದೆ. ಕಬಾಲ್ ಶೋಕ್ ಎಂಬ ರಾಣಿ ಮೊಣಕಾಲೂರಿ ಕುಳಿತು ಮುಳ್ಳು ಕಟ್ಟಿದ ಹಗ್ಗವನ್ನು ತನ್ನ ನಾಲಿಗೆಯ ತೂತಿನಿಂದ ಎಳೆಯುತ್ತಿದ್ದಾಳೆ. ರಕ್ತ ಬೀಳಲೆಂದು ಕೆಳಗೆ ಬುಟ್ಟಿಯಲ್ಲಿ ಕಾಗದವಿದೆ. ಗಂಡ ಪಂಜು ಹಿಡಿದು ನಿಂತಿದ್ದಾನೆ. ಅವಳ ಸೀರೆಯಂಥ ಉಡುಪಿನ ನೇಯ್ಗೆಯ ಒಂದೊಂದು ಎಳೆಯೂ ಕಲ್ಲಿನಲ್ಲಿದೆ. ದೇವರುಗಳು ಜೋಳದ ಹಿಟ್ಟಿನಿಂದ ಮನುಷ್ಯರನ್ನು ಮಾಡಿದರು, ಆ ಸಾಲವನ್ನು ರಕ್ತದಿಂದ ತೀರಿಸಬೇಕು ಎಂಬುದು ಅವರ ನಂಬಿಕೆ. ದೊರೆಮನೆತನದವರೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದನ್ನು ಒಪ್ಪೋಣ. ಅವಳ ಮುಖದಲ್ಲಿ ನೋವಿಲ್ಲ. ನೋವಿಲ್ಲದಂತೆ ಕೆತ್ತಿ ಎಂದು ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ನಾನು ಬಿಡಲಾರೆ. ನಮ್ಮ ಊರೂರಿನ ಮಾಸ್ತಿಕಲ್ಲುಗಳಲ್ಲಿ ಎತ್ತಿದ ತೋಳೂ ಹಾಗೆಯೇ ನಿರಾಳವಾಗಿದೆ, ಬೆಂಕಿಯ ಸುಳಿವಿಲ್ಲದೆ. ಕಲ್ಲು ಕೆತ್ತಿಸಲು ಹಣ ಕೊಟ್ಟವರ ಒಪ್ಪಿಗೆ ಕಲ್ಲಿನಲ್ಲಿ ಇರುತ್ತದೆ. ಸುಟ್ಟುಕೊಂಡವಳ ಒಪ್ಪಿಗೆ ಇತ್ತೋ ಇಲ್ಲವೋ ಅದರಿಂದ ತಿಳಿಯದು. 738ರಲ್ಲಿ ಕಿರಿಗುವಾದ ದೊರೆ ತನ್ನ ಮೇಲರಸನಾದ ಕೊಪಾನಿನ ದೊರೆಯನ್ನು, ಅದೇ ಗಿಣಿಗಳ ನಿಲುಗಲ್ಲು ನಿಲ್ಲಿಸಿದವನನ್ನು, ಸೆರೆಹಿಡಿದು ತಲೆ ಕಡಿಸಿದ. ಕಿರಿಗುವಾದ ಕಲ್ಲುಗಳು ಅದನ್ನು ಹಾಡಿ ಹೊಗಳುತ್ತವೆ. ಕೊಪಾನಿನ ಮೆಟ್ಟಿಲಶಾಸನ ಅದನ್ನು ರಣದಲ್ಲಾದ ಸಾವೆಂದು ಗೌರವದಿಂದ ನೆನೆಯುತ್ತದೆ. ಒಂದೇ ಸಾವು, ಎರಡು ಸರಕಾರಿ ಹೇಳಿಕೆ.

ಚಿಚೆನ್ ಇಟ್ಜಾದ ಪವಿತ್ರ ಬಾವಿಗೆ ಕನ್ಯೆಯರನ್ನು ಎಸೆಯುತ್ತಿದ್ದರು ಎಂಬ ಕಥೆಯನ್ನು ಪ್ರವಾಸಿಗರು ಬಾಯಿ ಚಪ್ಪರಿಸಿ ಕೇಳುತ್ತಾರೆ. ಆ ಬಾವಿಯ ಬಳಿ ನೆಲದೊಳಗಿನ ಒಂದು ಗುಂಡಿಯಲ್ಲಿ 1967ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಮೂಳೆಗಳು ಸಿಕ್ಕಿದ್ದವು. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವುಗಳ ಡಿಎನ್‌ಎ ಅಧ್ಯಯನ ಬಂತು. ಪರೀಕ್ಷಿಸಿದ 64 ಮಕ್ಕಳೂ ಗಂಡು. ಹೆಚ್ಚಿನವರು ಮೂರರಿಂದ ಆರು ವರ್ಷದವರು. ಹಲವರು ಹತ್ತಿರದ ರಕ್ತಸಂಬಂಧಿಗಳು. ಎರಡು ಜೋಡಿ ತದ್ರೂಪಿ ಅವಳಿಗಳು. ಅವರು ದೂರದಿಂದ ಬಂದವರಲ್ಲ, ಅಲ್ಲಿನವರೇ. ಅವಳಿ ವೀರರ ಪುರಾಣ ಆ ಜನರಿಗೆ ಪವಿತ್ರ; ಆ ಪುರಾಣದ ಲೆಕ್ಕದಲ್ಲಿ ಈ ಹುಡುಗರು ಹೋದರು ಎಂದು ಸಂಶೋಧಕರ ಊಹೆ. ಕನ್ಯೆಯರ ರಮ್ಯಕಥೆ ಸತ್ತಿತು, ಟೋಲ್ಟೆಕ್ ದಾಳಿಕಾರರ ನೆಪವೂ ಇಲ್ಲಿ ಉಳಿಯಲಿಲ್ಲ.

ಇದನ್ನು ಓದಿದಾಗ ‘ಅದು ಅವರ ಸಂಸ್ಕೃತಿ’ ಎಂದು ಕೈತೊಳೆದುಕೊಳ್ಳುವುದು ನನ್ನಿಂದಾಗದು. ನಾಲ್ಕು ವರ್ಷದ ಮಗುವಿಗೆ ಸಂಸ್ಕೃತಿಯ ಮೇಲೆ ಸಹಿ ಹಾಕುವ ವಯಸ್ಸಲ್ಲ. ‘ಅನಾಗರಿಕರು’ ಎಂದು ತೀರ್ಪು ಕೊಡಲೂ ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಆ ತೀರ್ಪು ಕೊಟ್ಟವರ ಕೈ ಏನು ಮಾಡಿತೆಂದು ನೋಡಿದ್ದೇವೆ. 1562ರ ಜುಲೈನಲ್ಲಿ ಮಾನಿ ಎಂಬ ಊರಲ್ಲಿ ಪಾದ್ರಿ ದಿಯೆಗೊ ದೆ ಲಾಂದಾ ಮಾಯಾ ಪುಸ್ತಕಗಳನ್ನೂ ವಿಗ್ರಹಗಳನ್ನೂ ರಾಶಿಹಾಕಿ ಸುಟ್ಟ. ವಿಗ್ರಹ ಪೂಜಿಸಿದರೆಂಬ ಶಂಕೆಯಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ. ನರಬಲಿಗೆ ಹೇಸಿದ ಅವನು ತನ್ನ ದೇವರಿಗೆ ಕೊಟ್ಟದ್ದು ಇದನ್ನು.

ಚಿಚೆನ್ ಇಟ್ಜಾದ ಮಕ್ಕಳ ಡಿಎನ್‌ಎಯನ್ನು ಹೋಲಿಸಿ ನೋಡಲು ಸಮೀಪದ ತಿಶ್ಕಕಾಲ್ತುಯುಬ್ ಊರಿನ 68 ಜನ ತಮ್ಮ ಮಾದರಿ ಕೊಟ್ಟರು. ಅವರ ವಂಶವಾಹಿಗಳಲ್ಲಿ ಹಳೆಯ ಜನರ ಮುಂದುವರಿಕೆ ಸ್ಪಷ್ಟವಾಗಿತ್ತು. ವಸಾಹತು ಕಾಲದ ದೊಡ್ಡ ಸಾಂಕ್ರಾಮಿಕದಲ್ಲಿ ಬದುಕುಳಿದವರ ಗುರುತೂ ಇತ್ತು. ಮಾಯಾ ಜನ ‘ನಿಗೂಢವಾಗಿ ಮಾಯವಾದರು’ ಎಂದು ಬರೆಯುವ ನಮ್ಮ ಭಾನುವಾರದ ಪುರವಣಿಗಳು ಇದನ್ನು ಗಮನಿಸಬೇಕು. ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್‌ಗಳಲ್ಲಿ ಅವರು ಲಕ್ಷಾಂತರ ಸಂಖ್ಯೆಯಲ್ಲಿದ್ದಾರೆ. ಇಲ್ಲದವರೆಂದು ಭಾವಿಸಿದವರನ್ನು ಕೊಲ್ಲುವುದು ಸುಲಭ. ಗ್ವಾಟೆಮಾಲಾದಲ್ಲಿ 1996ರವರೆಗೆ ಮೂವತ್ತಾರು ವರ್ಷ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಎಂದು 1999ರ ಸತ್ಯಶೋಧನಾ ಆಯೋಗ ವರದಿ ಕೊಟ್ಟಿತು. ಸೈನ್ಯ ಹಳ್ಳಿಗಳನ್ನು ಸುಡುತ್ತಿದ್ದ ಆ ವರ್ಷಗಳಲ್ಲೂ ಅವರ ಹಿರಿಯರ ಕಲ್ಲುಗಳನ್ನು ನೋಡಲು ಪ್ರವಾಸಿಗರು ಬರುತ್ತಲೇ ಇದ್ದರು.

1980ರ ದಶಕದ ಕೊನೆಯಿಂದ ಲಿಂಡಾ ಶೀಲೆ ಮೊದಲಾದ ಲಿಪಿತಜ್ಞರು ಗ್ವಾಟೆಮಾಲಾದಲ್ಲಿ ಮಾಯಾ ಭಾಷಿಕರಿಗೇ ಆ ಹಳೆಯ ಲಿಪಿಯನ್ನು ಕಲಿಸುವ ಶಿಬಿರ ನಡೆಸಿದರು. ಹಾಗೆ ಕಲಿತವರೊಬ್ಬರು ಪಿಯೆದ್ರಾಸ್ ನೆಗ್ರಾಸ್‌ನ 795ರ ಹನ್ನೆರಡನೆಯ ನಿಲುಗಲ್ಲಿನ ಮುಂದೆ ನಿಂತರೆ ಈಗ ಹೆಚ್ಚಿನದನ್ನು ಓದಬಲ್ಲರು. ಮೇಲೆ ಕಾಲು ಚಾಚಿ ಕುಳಿತ ದೊರೆ. ಕೆಳಗೆ ಹಗ್ಗ ಬಿಗಿದು ಒಬ್ಬರ ಮೇಲೊಬ್ಬರನ್ನು ಒತ್ತಿ ಕೂರಿಸಿದ ಸೆರೆಯಾಳುಗಳು. ಅವರ ಮೈಮೇಲೆಯೇ ಅವರವರ ಹೆಸರು ಕೊರೆದಿದೆ. ಕಲ್ಲಿನ ಮೇಲೆ ಎಂಟು ಶಿಲ್ಪಿಗಳ ರುಜುವಿದೆ. ದೊರೆಯ ಮುಖಕ್ಕಿಂತ ಸೆರೆಯಾಳುಗಳ ಮುಖಗಳನ್ನು ಆ ಎಂಟು ಜನ ಹೆಚ್ಚು ಜೀವ ತುಂಬಿ ಕೆತ್ತಿದ್ದಾರೆ. ಒಬ್ಬೊಬ್ಬನ ದಣಿವೂ ಬೇರೆ ಬೇರೆ. ಓದುತ್ತಿರುವವರ ಮುತ್ತಜ್ಜ ಇವರಲ್ಲಿ ಮೇಲೆ ಕುಳಿತವನೋ, ಹಗ್ಗದಲ್ಲಿದ್ದವನೋ, ಉಳಿ ಹಿಡಿದವನೋ ಎಂಬುದನ್ನು ಆ ಕಲ್ಲು ಹೇಳುವುದಿಲ್ಲ.